ಪಹಣಿ ಅಡವಿಡದೆ ಯಂತ್ರಕ್ಕೆ ಸಾಲ ಪಡೆಯುವುದು ಹೇಗೆ?

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಅಡಿಕೆ ಹಾಳೆ ತಟ್ಟೆ ಘಟಕ ಹಾಕಲು ಹೊರಟವರು ಮೊದಲು ಎಡವುವುದು ಜಾಮೀನಿನ ವಿಷಯದಲ್ಲಿ. ತೋಟ ಇನ್ನೂ ಅಜ್ಜನ ಹೆಸರಿನಲ್ಲೇ ಇರುತ್ತದೆ, ಪಾಲಾಗಿರುವುದಿಲ್ಲ. ಇಲ್ಲವೇ ಬಗರ್‌ಹುಕುಂ ಜಮೀನಿಗೆ ಹಕ್ಕುಪತ್ರ ಬಂದಿರುವುದಿಲ್ಲ. ಅಡವಿಡಲು ಏನೂ ಇಲ್ಲವೆಂದು ಆಸೆಯನ್ನೇ ಕೈಬಿಡುವವರನ್ನು ಕಂಡರೆ ಸಂಕಟವಾಗುತ್ತದೆ. ಇಂಥವರಿಗಾಗಿಯೇ ಕೇಂದ್ರ ಸರ್ಕಾರ ಮತ್ತು ಸಣ್ಣ ಕೈಗಾರಿಕೆಗಳ ಅಭಿವೃದ್ಧಿ ಬ್ಯಾಂಕ್ ‘ಸಿಡ್ಬಿ’ ಸೇರಿ 2000ರಲ್ಲಿ ಸಾಲ ಖಾತರಿ ಟ್ರಸ್ಟ್ ಸ್ಥಾಪಿಸಿವೆ. ಬ್ಯಾಂಕಿನಲ್ಲಿ ಅದರ ಹೆಸರು ‘ಸಿಜಿಟಿಎಂಎಸ್‌ಇ’.

ಒಂದು ಮಾತು ಮೊದಲೇ ಸ್ಪಷ್ಟವಾಗಲಿ. ಖಾತರಿ ಸಿಗುವುದು ಬ್ಯಾಂಕಿಗೆ, ಸಾಲಗಾರನಿಗಲ್ಲ. ಕಂತು ನಿಂತು ಸಾಲ ವಸೂಲಾಗದೆ ಹೋದರೆ ನಷ್ಟದ ಮುಕ್ಕಾಲು ಪಾಲನ್ನೋ ಅದಕ್ಕೂ ಹೆಚ್ಚನ್ನೋ ಟ್ರಸ್ಟ್ ಬ್ಯಾಂಕಿಗೆ ಕೊಡುತ್ತದೆ. ಆದರೂ ನಿಮ್ಮ ಸಾಲ ನಿಮ್ಮ ತಲೆಯ ಮೇಲೆಯೇ ಇರುತ್ತದೆ. ಇದನ್ನು ಸಾಲ ಮನ್ನಾ ಎಂದು ನಂಬಿಸುವ ಮಧ್ಯವರ್ತಿಗಳಿಂದ ದೂರವಿರಿ.

ಕೆಲಸ ಶುರುವಾಗುವುದು ‘ಉದ್ಯಮ್’ ನೋಂದಣಿಯಿಂದ, ಅಂದರೆ ಸಣ್ಣ ಉದ್ಯಮವೆಂದು ಸರ್ಕಾರದಲ್ಲಿ ಹೆಸರು ದಾಖಲಿಸುವುದರಿಂದ. ಸರ್ಕಾರಿ ಜಾಲತಾಣದಲ್ಲಿ ಆಧಾರ್ ಬಳಸಿ ನೀವೇ ಮಾಡಿಕೊಳ್ಳಬಹುದು, ಶುಲ್ಕವಿಲ್ಲ.

ನಿಜವಾದ ಶ್ರಮ ಇರುವುದು ಯೋಜನಾ ವರದಿಯಲ್ಲಿ. ಅಡಮಾನವಿಲ್ಲದ ಸಾಲದಲ್ಲಿ ಮ್ಯಾನೇಜರ್ ನಂಬಬೇಕಾದದ್ದು ನಿಮ್ಮ ಲೆಕ್ಕವನ್ನು. ಬೇರೆಯವರ ವರದಿಯಲ್ಲಿ ಹೆಸರು ಬದಲಿಸಿ ಕೊಟ್ಟರೆ ಎರಡನೇ ಪ್ರಶ್ನೆಗೇ ತಡವರಿಸುತ್ತೀರಿ. ಯಂತ್ರ ಮಾರುವವರಿಂದ ಜಿಎಸ್‌ಟಿ ಸಂಖ್ಯೆ ಇರುವ ದರಪಟ್ಟಿ ತನ್ನಿ. ಮೆಸ್ಕಾಂನ ತ್ರೀ ಫೇಸ್ ಸಂಪರ್ಕಕ್ಕೆ ತಗಲುವ ವೆಚ್ಚವನ್ನೂ ಸೇರಿಸಿ.

ಹೆಚ್ಚಿನವರು ಮರೆಯುವುದು ದುಡಿಯುವ ಬಂಡವಾಳವನ್ನು, ಅಂದರೆ ಕಚ್ಚಾ ಮಾಲು ಕೊಳ್ಳಲು, ಘಟಕ ನಡೆಸಲು ಬೇಕಾದ ಹಣವನ್ನು. ಮಲೆನಾಡಿನ ಮಳೆಗಾಲದಲ್ಲಿ ಹಾಳೆ ಒಣಗುವುದಿಲ್ಲ. ನೆಲಕ್ಕೆ ಬಿದ್ದ ಹಾಳೆ ಎರಡು ದಿನ ನೆನೆದರೆ ಒಳಮೈಯಲ್ಲಿ ಕಪ್ಪು ಚುಕ್ಕೆ ಎದ್ದು ಬೂಷ್ಟು ಹಿಡಿಯುತ್ತದೆ. ಹಾಗಾಗಿ ಬೇಸಿಗೆಯಲ್ಲೇ ಕೊಂಡು, ಒಣಗಿಸಿ, ಅಟ್ಟದಲ್ಲಿ ಪೇರಿಸಿಡಬೇಕು. ಆ ದುಡ್ಡು ತಟ್ಟೆ ಮಾರಾಟವಾಗಿ ಕೈಸೇರಲು ತಿಂಗಳುಗಳೇ ಬೇಕು. ಸಣ್ಣ ಘಟಕಗಳಿಗೆ ಬ್ಯಾಂಕುಗಳು ವಾರ್ಷಿಕ ವಹಿವಾಟಿನ ಶೇ 25ರಷ್ಟನ್ನು ದುಡಿಯುವ ಬಂಡವಾಳವೆಂದು ಲೆಕ್ಕ ಹಾಕುತ್ತವೆ. ಅದರಲ್ಲಿ ವಹಿವಾಟಿನ ಶೇ 20 ಬ್ಯಾಂಕಿನದು, ಶೇ 5 ನಿಮ್ಮದು. 30 ಲಕ್ಷ ರೂಪಾಯಿ ವಹಿವಾಟು ಅಂದಾಜಿಸಿದರೆ ಬ್ಯಾಂಕಿನ ಪಾಲು 6 ಲಕ್ಷ, ನಿಮ್ಮದು ಒಂದೂವರೆ ಲಕ್ಷ. ಯಂತ್ರಕ್ಕೆ ಮಾತ್ರ ಸಾಲ ಕೇಳಿದವರ ಯಂತ್ರ ಜುಲೈನಲ್ಲಿ ಹಾಳೆಯಿಲ್ಲದೆ ನಿಲ್ಲುತ್ತದೆ, ಕಂತು ಮಾತ್ರ ನಿಲ್ಲುವುದಿಲ್ಲ.

ಇನ್ನು ಬ್ಯಾಂಕಿಗೆ ಹೋಗುವುದು. ಟ್ರಸ್ಟಿಗೆ ನೀವು ಅರ್ಜಿ ಹಾಕುವಂತಿಲ್ಲ, ಅದು ಬ್ಯಾಂಕಿನ ಕೆಲಸ. ಆದ್ದರಿಂದ ಸಾಲದ ಅರ್ಜಿಯಲ್ಲೇ ‘ಸಿಜಿಟಿಎಂಎಸ್‌ಇ ಖಾತರಿಯಡಿ ಪರಿಗಣಿಸಬೇಕು’ ಎಂದು ಬರೆಯಿರಿ, ಸ್ವೀಕೃತಿ ಪಡೆಯಿರಿ. ಕೊಂಡ ಯಂತ್ರ, ದಾಸ್ತಾನು ಬ್ಯಾಂಕಿನ ಹಕ್ಕಿಗೆ ಒಳಪಡುತ್ತವೆ. ತೋಟ, ಮನೆ ಅಥವಾ ಮೂರನೆಯವರ ಜಾಮೀನು ಬೇಕಿಲ್ಲ. ಸಣ್ಣ ಘಟಕಗಳ 10 ಲಕ್ಷದವರೆಗಿನ ಸಾಲಕ್ಕೆ ಅಡಮಾನ ಕೇಳಬಾರದೆಂದು ರಿಸರ್ವ್ ಬ್ಯಾಂಕ್ 2010ರಲ್ಲೇ ಸೂಚಿಸಿದೆ. ಹಳೆಯ ಬೆಳೆಸಾಲದ ಬಾಕಿ ಇದ್ದರೆ ಮೊದಲು ತೀರಿಸಿಕೊಳ್ಳಿ. ನಿಮ್ಮ ಹಳೆಯ ಸಾಲಗಳ ಚರಿತ್ರೆ ತೋರಿಸುವ ಸಿಬಿಲ್ ವರದಿಯಲ್ಲಿ ಅದು ಕಾಣಿಸದೆ ಇರುವುದಿಲ್ಲ.

ಖಾತರಿಗೆ ವಾರ್ಷಿಕ ಶುಲ್ಕವಿದೆ, ಬ್ಯಾಂಕ್ ಸಾಮಾನ್ಯವಾಗಿ ಅದನ್ನು ನಿಮ್ಮಿಂದಲೇ ವಸೂಲು ಮಾಡುತ್ತದೆ. 10 ಲಕ್ಷದೊಳಗಿನ ಸಾಲಕ್ಕೆ ದರ ಶೇ 0.37ರಿಂದ ಆರಂಭ, ಅಂದರೆ 5 ಲಕ್ಷಕ್ಕೆ ವರ್ಷಕ್ಕೆ 1,850 ರೂಪಾಯಿ. ಮಹಿಳೆಯರ ಘಟಕಗಳಿಗೆ ರಿಯಾಯಿತಿ ಇದೆ. ಮಂಜೂರಾತಿ ಪತ್ರದಲ್ಲಿ ಈ ದರ ನಮೂದಾಗಿದೆಯೇ ನೋಡಿ ಸಹಿ ಹಾಕಿ.

ಸಾಲ ‘ಆಗುವುದಿಲ್ಲ’ ಎಂದು ಬ್ಯಾಂಕಿನವರು ಬಾಯಿಮಾತಿನಲ್ಲಿ ಹೇಳಿದರೆ ಎದ್ದು ಬರಬೇಡಿ. ಕಾರಣವನ್ನು ಬರವಣಿಗೆಯಲ್ಲಿ ಕೇಳಿ. ಆ ಪತ್ರ ಹಿಡಿದು ಶಿವಮೊಗ್ಗದ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೋ ಜಿಲ್ಲೆಯ ಬ್ಯಾಂಕುಗಳ ಸಾಲ ಯೋಜನೆಯನ್ನು ಸಮನ್ವಯ ಮಾಡುವ ಲೀಡ್ ಬ್ಯಾಂಕ್ ಕಚೇರಿಗೋ ಹೋಗಿ. ಬ್ಯಾಂಕಿಗೆ ಲಿಖಿತ ದೂರು ಕೊಟ್ಟು 30 ದಿನ ಕಳೆದರೂ ಉತ್ತರ ಬಾರದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಉಚಿತವಾಗಿ ದೂರು ಸಲ್ಲಿಸಬಹುದು.