ಮೊದಲು ನಮಸ್ಕಾರ, ಆಮೇಲೆ ಪ್ರಶ್ನೆ: ಪ್ರಿಟೋರಿಯಾಕ್ಕೆ ಪಿಎಚ್‌ಡಿಗೆ ಬರುವವರಿಗೆ

ಕಾನೂನಿನಲ್ಲಿ ಪಿಎಚ್‌ಡಿ ಮಾಡಲು ದಕ್ಷಿಣ ಆಫ್ರಿಕಾಕ್ಕೆ ಬರ್ತಿದ್ದೀನಿ ಅಂತ ವರ್ಷಕ್ಕೆ ಒಬ್ಬಿಬ್ಬರಾದರೂ ನನಗೆ ಫೋನ್ ಮಾಡುತ್ತಾರೆ. ಮೊದಲು ಕೇಳುವುದು ವೀಸಾ. ಆಮೇಲೆ ಅಕ್ಕಿ-ಬೇಳೆ. ಆಮೇಲೆ ಕಳ್ಳರು.

ಮೂರನ್ನೂ ಬೇಗ ಮುಗಿಸಿಬಿಡುತ್ತೇನೆ. ವೀಸಾಕ್ಕೆ ಪ್ರವೇಶಪತ್ರ, ಪೊಲೀಸ್ ಕ್ಲಿಯರೆನ್ಸ್, ಆರೋಗ್ಯ ವಿಮೆ, ದುಡ್ಡಿನ ದಾಖಲೆ ಬೇಕು; ನಿಮ್ಮ ಡಿಗ್ರಿಗಳನ್ನು ಇಲ್ಲಿನ 'ಸಾಕಾ' (SAQA) ಅನ್ನುವ ಅರ್ಹತಾ ಪ್ರಾಧಿಕಾರ ಪರಿಶೀಲಿಸಬೇಕು, ಅದಕ್ಕೆ ಊರಿನಿಂದಲೇ ಅರ್ಜಿ ಹಾಕಿ. ಅಕ್ಕಿ, ಬೇಳೆ, ಸಾಸಿವೆ, ಕರಿಬೇವು ಭಾರತೀಯ ಮೂಲದವರು ಹೆಚ್ಚಿರುವ ಲಾಡಿಯಂ ಬಡಾವಣೆಯ ಅಂಗಡಿಗಳಲ್ಲಿ ಸಿಗುತ್ತವೆ. ರಾಗಿಗೆ ಸ್ವಲ್ಪ ಅಲೆಯಬೇಕು. ಇನ್ನು ಕಳ್ಳರು. ಸಿಗ್ನಲ್‌ಗೆ ಇಲ್ಲಿ ರೋಬಾಟ್ ಅನ್ನುತ್ತಾರೆ. ರೋಬಾಟ್ ಹತ್ತಿರ ಕಾರು ನಿಂತಾಗ ಮೊಬೈಲನ್ನು ಪಕ್ಕದ ಸೀಟಿನ ಮೇಲೆ ಇಡಬೇಡಿ. ನಾನು ಇಟ್ಟಿದ್ದೆ. ಕಿಟಕಿ ಗಾಜೂ ಹೋಯಿತು, ಮೊಬೈಲೂ ಹೋಯಿತು. ಠಾಣೆಯಲ್ಲಿ ದೂರು ಕೊಡುವಾಗ 'ಅಪರಾಧದ ಮೇಲೇ ಸಂಶೋಧನೆ ಮಾಡ್ತಿದ್ದೀನಿ' ಅಂದೆ. ಬರೆದುಕೊಳ್ಳುತ್ತಿದ್ದ ಪೊಲೀಸಮ್ಮ ಪೆನ್ನು ಕೆಳಗಿಟ್ಟು ನಕ್ಕರು.

ಈಗ ನನ್ನ ದೊಡ್ಡ ತಪ್ಪುಗಳಿಗೆ ಬರೋಣ.

ನಾನು ಬಂದಾಗ ನನ್ನ ಸಂಶೋಧನೆಯ ಶೀರ್ಷಿಕೆ 'ಆಫ್ರಿಕಾದಲ್ಲಿ ಮಾನವ ಹಕ್ಕು, ಆಡಳಿತ ಮತ್ತು ಅಪರಾಧ' ಅಂತ ಇತ್ತು. ಬೆಂಗಳೂರಿನಲ್ಲಿ ಕೂತು ಬರೆದಾಗ ಭಾರೀ ಗಂಭೀರವಾಗಿ ಕಂಡಿತ್ತು. ಗೈಡ್ ಅದನ್ನು ಓದಿ, 'ಯಾವ ಆಫ್ರಿಕಾ?' ಅಂತಷ್ಟೇ ಕೇಳಿದರು. ಆಫ್ರಿಕನ್ ಯೂನಿಯನ್‌ನಲ್ಲಿ 55 ಸದಸ್ಯ ರಾಷ್ಟ್ರಗಳಿವೆ. ಯಾರಾದರೂ ನಮ್ಮ ಮೈಸೂರಿಗೆ ಬಂದು 'ಏಷ್ಯಾದಲ್ಲಿ ನ್ಯಾಯ' ಅಂತ ಪಿಎಚ್‌ಡಿ ಮಾಡ್ತೀನಿ ಅಂದರೆ ನಾವು ಸುಮ್ನೆ ಬಿಡ್ತೀವಾ?

ಆಫ್ರಿಕನ್ ಚಾರ್ಟರ್, ಅಂದರೆ ಆಫ್ರಿಕಾದ ದೇಶಗಳ ಮಾನವ ಹಕ್ಕುಗಳ ಒಪ್ಪಂದದ ಬಗ್ಗೆ ಬರೆಯುತ್ತೇನೆ ಅನ್ನುವವರಿಗೂ ಇದೇ ಮಾತು. ಚಾರ್ಟರ್ 1981ರದ್ದು, ಜಾರಿಗೆ ಬಂದದ್ದು 1986ರಲ್ಲಿ. ಅದರ ಆಯೋಗ ಇರುವುದು ಗ್ಯಾಂಬಿಯಾದ ಬಾಂಜುಲ್‌ನಲ್ಲಿ, ನ್ಯಾಯಾಲಯ ಟಾಂಜಾನಿಯಾದ ಅರುಷಾದಲ್ಲಿ. ಕಾಗದದಲ್ಲಿ ಎಲ್ಲವೂ ಚೆಂದ. ಆದರೆ ಸಾಮಾನ್ಯ ಮನುಷ್ಯ ಅರುಷಾ ನ್ಯಾಯಾಲಯಕ್ಕೆ ನೇರ ಹೋಗಬೇಕಾದರೆ, ಅವನ ದೇಶ ಅದಕ್ಕೆ ಒಪ್ಪಿ ಪ್ರತ್ಯೇಕ ಘೋಷಣೆ ಮಾಡಿರಬೇಕು. ರುವಾಂಡಾ 2016ರಲ್ಲಿ ಅದನ್ನು ವಾಪಸ್ ತೆಗೆದುಕೊಂಡಿತು. 2019ರಲ್ಲಿ ಟಾಂಜಾನಿಯಾವೇ ತೆಗೆದುಕೊಂಡಿತು. ಕೋರ್ಟಿಗೆ ಜಾಗ ಕೊಟ್ಟ ಮನೆಯವರೇ ತಮ್ಮ ಜನರಿಗೆ ಅದರ ಬಾಗಿಲು ಹಾಕಿದ ಹಾಗೆ. ಯಾಕೆ ಹಾಕಿದರು ಅನ್ನುವ ಒಂದೇ ಪ್ರಶ್ನೆ ಒಂದು ಥೀಸಿಸ್‌ಗೆ ಸಾಕು. ತೀರ್ಪುಗಳಿಗೆ ದುಡ್ಡು ಕೊಡಬೇಡಿ. ಸಾಫ್ಲಿ, ಆಫ್ರಿಕನ್‌ಲಿ ಅನ್ನುವ ಎರಡು ಜಾಲತಾಣಗಳಲ್ಲೂ ಬಿಟ್ಟಿ ಸಿಗುತ್ತವೆ.

ಇಲ್ಲಿ ಪಿಎಚ್‌ಡಿಗೆ ಕ್ಲಾಸು ಅಂತ ಇರುವುದಿಲ್ಲ. ನೀವು, ಗೈಡು, ಥೀಸಿಸ್ಸು. ಯಾರೂ ಬೆನ್ನು ಹತ್ತುವುದಿಲ್ಲ. ಹೇಳಿಸಿಕೊಂಡೇ ಓದಿ ಅಭ್ಯಾಸವಾದ ನಮ್ಮಂಥವರಿಗೆ ಮೊದಲ ವರ್ಷ ಹಾಗೇ ಕಳೆದುಹೋಗುತ್ತದೆ. ನನಗೂ ಹೋಯಿತು.

ನನ್ನ ಎರಡನೆಯ ತಪ್ಪು ಜಂಬ. ಒಂದು ಸೆಮಿನಾರ್‌ನಲ್ಲಿ ಕೀನ್ಯಾದ ತೀರ್ಪಿನ ಮಾತು ಬಂತು. 2021ರ ಮೇನಲ್ಲಿ ಅಲ್ಲಿನ ಹೈಕೋರ್ಟ್ ಸಂವಿಧಾನ ತಿದ್ದುಪಡಿಯನ್ನು ತಡೆಯುವಾಗ ಸಂವಿಧಾನದ ಮೂಲ ರಚನೆಯನ್ನು ಸಂಸತ್ತೂ ಬದಲಿಸುವಂತಿಲ್ಲ ಎಂದ ನಮ್ಮ 1973ರ ಕೇಶವಾನಂದ ಭಾರತಿ ಪ್ರಕರಣವನ್ನು ನೆನೆದಿತ್ತು. ನನಗೆ ಕೋಡು ಮೂಡಿತು. ಎಡನೀರು ಮಠ, ಕಾಸರಗೋಡು, ಆ ಪ್ರಕರಣ ಹೂಡಿದ ಸ್ವಾಮೀಜಿಯ ಯಕ್ಷಗಾನದ ಹುಚ್ಚು, ಎಲ್ಲಾ ಹೇಳಿದೆ. 'ಆ ಸ್ವಾಮೀಜಿ ಕನ್ನಡದವರು' ಅಂತ ಎರಡು ಸಲ ಹೇಳಿದೆ. ಕೀನ್ಯಾದ ಹುಡುಗಿಯೊಬ್ಬಳು ತಾಳ್ಮೆಯಿಂದ ಕೇಳಿ, 'ನಮ್ಮ ಸುಪ್ರೀಂ ಕೋರ್ಟಿನ ತೀರ್ಪು ಓದಿದ್ದೀರಾ?' ಅಂದಳು. ಓದಿರಲಿಲ್ಲ. 2022ರ ಮಾರ್ಚ್‌ನಲ್ಲಿ ಆ ಕೋರ್ಟು, ಮೂಲ ರಚನೆಯ ಸಿದ್ಧಾಂತ ಕೀನ್ಯಾಕ್ಕೆ ಅನ್ವಯಿಸುವುದಿಲ್ಲ ಎಂದಿತ್ತು. ನಮ್ಮ ಸಂವಿಧಾನದ ಬಗ್ಗೆ ನಮಗಿರುವ ಹೆಮ್ಮೆ ಒಳ್ಳೆಯದೇ. ಆದರೆ ಅದನ್ನು ತಾಂಬೂಲದ ಹಾಗೆ ತಟ್ಟೆಯಲ್ಲಿಟ್ಟು ಎಲ್ಲರಿಗೂ ಹಂಚಲು ಹೋಗಬೇಡಿ.

ಮೂರನೆಯದು ಹೇಳಲು ಈಗಲೂ ಕಷ್ಟ.

ಕೊನೆಗೆ ನಾನು ಹಿಡಿದ ವಿಷಯ ವರ್ಣಭೇದದ ಕಾಲದಲ್ಲಿ ಪೊಲೀಸ್ ವಶದಲ್ಲಿ ನಡೆದ ಸಾವುಗಳು, ಮತ್ತು ಆಮೇಲೂ ಯಾಕೆ ಬಹುತೇಕ ಯಾರನ್ನೂ ಕೋರ್ಟಿಗೆ ಎಳೆಯಲಿಲ್ಲ ಅನ್ನುವುದು. ವರ್ಣಭೇದ ಮುಗಿದ ಮೇಲೆ ಆ ಕಾಲದ ಅಪರಾಧಗಳ ನಿಜ ಹೊರತರಲು ರಚಿಸಿದ ಸತ್ಯ ಮತ್ತು ಸಾಮರಸ್ಯ ಆಯೋಗಕ್ಕೆ ಕ್ಷಮಾದಾನ ಕೋರಿ 7,000ಕ್ಕೂ ಹೆಚ್ಚು ಅರ್ಜಿಗಳು ಬಂದಿದ್ದವು, ಸಿಕ್ಕಿದ್ದು ಅದರಲ್ಲಿ ಸ್ವಲ್ಪ ಜನರಿಗೆ ಮಾತ್ರ. ಕ್ಷಮೆ ಸಿಗದವರ ಮೇಲೆ, ಅರ್ಜಿಯನ್ನೇ ಹಾಕದವರ ಮೇಲೆ ಮೊಕದ್ದಮೆ ನಡೆಯಬೇಕಿತ್ತು. ಬಹುತೇಕ ನಡೆಯಲಿಲ್ಲ. ಅಹಮದ್ ಟಿಮೋಲ್ ಅನ್ನುವ, ಗುಜರಾತಿ ಮೂಲದ ಶಿಕ್ಷಕ, 1971ರ ಅಕ್ಟೋಬರ್‌ನಲ್ಲಿ ಜೋಹಾನ್ಸ್‌ಬರ್ಗಿನ ಪೊಲೀಸ್ ಕಟ್ಟಡದ ಹತ್ತನೇ ಮಹಡಿಯಿಂದ ಬಿದ್ದು ಸತ್ತರು. ಮರುವರ್ಷ ವಿಚಾರಣೆಯಲ್ಲಿ ಆತ್ಮಹತ್ಯೆ ಅಂತ ಬರೆದರು. ಮನೆಯವರು ಬಿಡಲಿಲ್ಲ. 2017ರಲ್ಲಿ ಮತ್ತೆ ವಿಚಾರಣೆ ನಡೆದು, ಅದು ಕೊಲೆ ಎಂದು ನ್ಯಾಯಾಧೀಶರು ಹೇಳಿದರು. 46 ವರ್ಷ! ಆರೋಪ ಹೊತ್ತ ಹಳೆಯ ಪೊಲೀಸ್ ಅಧಿಕಾರಿ 2021ರಲ್ಲಿ, ವಿಚಾರಣೆ ಶುರುವಾಗುವ ಮೊದಲೇ ತೀರಿಕೊಂಡರು.

ಆ ಕಾಲದಲ್ಲಿ ಜೈಲು ಕಂಡ ಹಿರಿಯರೊಬ್ಬರು ಜೋಹಾನ್ಸ್‌ಬರ್ಗ್ ಹತ್ತಿರದ ಲೆನೇಸಿಯಾದಲ್ಲಿದ್ದಾರೆ ಅಂತ ತಿಳಿಯಿತು. ನಿವೃತ್ತ ಮೇಷ್ಟ್ರು, ತಮಿಳು ಮೂಲ, ಆದರೆ ಮಾತೆಲ್ಲ ಇಂಗ್ಲಿಷು. ಒಳಗೆ ಕಾಲಿಟ್ಟವಳೇ ನೋಟ್‌ಬುಕ್ ತೆಗೆದು, 'ನಿಮ್ಮನ್ನು ಬಂಧಿಸಿದ್ದು ಯಾವ ವರ್ಷ?' ಅಂದೆ. ಅವರು, 'ಮೊದಲು ಹೇಗಿದ್ದೀಯ ಅಂತ ಕೇಳಮ್ಮ' ಅಂದರು. ಬೈಗುಳವಲ್ಲ, ಮೇಷ್ಟ್ರ ತಿದ್ದುವಿಕೆ. ಇಲ್ಲಿ ಪೆಟ್ರೋಲ್ ಹಾಕಿಸುವಾಗಲೂ ಮೊದಲು ಹೇಗಿದ್ದೀರಿ, ಆಮೇಲೆ ಲೆಕ್ಕ. ನಮ್ಮ ಹಳ್ಳಿಗಳಲ್ಲೂ 'ಊಟ ಆಯ್ತಾ' ಇರಲಿಲ್ವಾ? ಬೆಂಗಳೂರಿನ ಕೋರ್ಟು ಕಚೇರಿ ಅಲೆದು ನಾನೇ ಅದನ್ನು ಕಳೆದುಕೊಂಡಿದ್ದೆ.

ಟೀ ಬಂತು, ಗಟ್ಟಿ ರಸ್ಕ್ ಬಂತು. ಅವರು ಮೂರು ಗಂಟೆ ಮಾತಾಡಿದರು. ಕೋಣೆಯಲ್ಲಿ ಒಳ್ಳೆಯ ಸೋಫಾ ಇತ್ತು, ಕಿಟಕಿಯ ಮುಂದೆ. ಅದರಲ್ಲಿ ಕೂರಲಿಲ್ಲ. ಗೋಡೆಗೆ ಒರಗಿಸಿದ ಮರದ ಕುರ್ಚಿಯಲ್ಲಿ, ಬಾಗಿಲು ಕಾಣುವ ಹಾಗೆ ಕೂತಿದ್ದರು. 'ಐವತ್ತು ವರ್ಷದಿಂದ ಇದೇ ಕುರ್ಚಿ' ಅಂದರು ಅವರ ಹೆಂಡತಿ, ಕಪ್ಪು ತೆಗೆದುಕೊಂಡು ಹೋಗುವಾಗ.

ವಾಪಸ್ ಬಂದು ಗೈಡ್‌ಗೆ ಹೇಳಿದರೆ ಅವರ ಮುಖ ಸಣ್ಣದಾಯಿತು. ಎಥಿಕ್ಸ್ ಕ್ಲಿಯರೆನ್ಸ್, ಅಂದರೆ ಸಂಶೋಧನೆಯ ನೈತಿಕತೆ ನೋಡಿ ವಿಶ್ವವಿದ್ಯಾಲಯ ಕೊಡುವ ಅನುಮತಿ, ಬರುವ ಮೊದಲು ಯಾರನ್ನೂ ಸಂದರ್ಶಿಸುವ ಹಾಗಿಲ್ಲ. ಸಂದರ್ಶನ ಕೊಡುವವರ ಸಹಿಯ ಒಪ್ಪಿಗೆ ಬೇಕು, ಹಳೆಯ ಗಾಯ ಕೆದಕಿ ನೋವಾದರೆ ಯಾರ ಹತ್ತಿರ ಕಳಿಸುತ್ತೀರಿ ಅಂತ ಮೊದಲೇ ಬರೆದುಕೊಡಬೇಕು. ಇದು ಸುಮ್ನೆ ಫಾರಂ ಕಾಟ ಅಂತ ನಾನು ಮುಂದೂಡಿದ್ದೆ. ಊರಲ್ಲಿ ಸಹಿ ಗಿಹಿ ಆಮೇಲೆ ಹಾಕಿಸಿಕೊಂಡರಾಯ್ತು ಅನ್ನುತ್ತೇವಲ್ಲ, ಆ ಚಾಳಿ. ಆ ಸಂದರ್ಶನದ ಒಂದು ಸಾಲನ್ನೂ ಬಳಸುವಂತಿಲ್ಲ ಎಂದರು. ಕ್ಲಿಯರೆನ್ಸ್ ಬರಲು ಏಳು ತಿಂಗಳಾಯಿತು. ಮತ್ತೆ ಲೆನೇಸಿಯಾಕ್ಕೆ ಹೋದಾಗ ಬಾಗಿಲು ತೆರೆದದ್ದು ಅವರ ಹೆಂಡತಿ. ಕುರ್ಚಿ ಖಾಲಿ ಇತ್ತು. ಆ ಸಲ ಮಾತ್ರ ನಾನು ಮೊದಲು, ಹೇಗಿದ್ದೀರಿ ಅಂತ ಕೇಳಿದೆ.

ನೋಟ್‌ಬುಕ್ ಇನ್ನೂ ನನ್ನ ಹತ್ತಿರ ಇದೆ. ಥೀಸಿಸ್ ಮುಗಿದು ನಾಲ್ಕು ವರ್ಷವಾಯಿತು. ದಯವಿಟ್ಟು ಆ ಫಾರಂ ಅನ್ನು ನೀವು ಇಲ್ಲಿಗೆ ಬಂದ ಮೊದಲ ತಿಂಗಳೇ ತುಂಬಿ.

ಇನ್ನೊಂದು. ನೀವು ಇಲ್ಲಿ ಹೊರಗಿನಿಂದ ನೋಡುವ ಸಂಶೋಧಕರು ಮಾತ್ರ ಅಂದುಕೊಳ್ಳಬೇಡಿ. ನಿಮ್ಮ ಮುಖ ನೋಡಿದವರಿಗೆ ತಮ್ಮದೇ ಲೆಕ್ಕಗಳಿರುತ್ತವೆ. ಭ್ರಷ್ಟಾಚಾರದ ಬಗ್ಗೆ ಕೇಳಲು ಒಂದು ಕಚೇರಿಗೆ ಹೋದರೆ ಅಲ್ಲಿನವರೊಬ್ಬರು, 'ಗುಪ್ತಾಗಳ ಕಡೆಯವರಾ?' ಅಂದು ಕಣ್ಣು ಮಿಟುಕಿಸಿದರು. ಗುಪ್ತಾಗಳು ಅಂದರೆ ಭಾರತದಿಂದ ಬಂದು, ಅಧ್ಯಕ್ಷರಾಗಿದ್ದ ಜುಮಾ ಜೊತೆಗಿನ ನಂಟಿನಿಂದ ಭ್ರಷ್ಟಾಚಾರದ ಆರೋಪ ಹೊತ್ತ ಉದ್ಯಮಿಗಳು. 2013ರಲ್ಲಿ ಗುಪ್ತಾ ಕುಟುಂಬದ ಮದುವೆಗೆ ಅತಿಥಿಗಳನ್ನು ತಂದ ವಿಮಾನ ಪ್ರಿಟೋರಿಯಾದ ವಾಟರ್‌ಕ್ಲೂಫ್ ವಾಯುಪಡೆ ನೆಲೆಯಲ್ಲೇ ಇಳಿದಿತ್ತು. ಅದನ್ನು ಇಲ್ಲಿ ಯಾರೂ ಮರೆತಿಲ್ಲ. ನಾನು ನಕ್ಕು ಸುಮ್ಮನಾದೆ. ಡರ್ಬನ್‌ನ ನಾಯ್ಡು, ಪಿಳ್ಳೈಗಳಿಗೆ ನಾವು ಹೊಸಬರು. ಅವರ ಹಿರಿಯರು 1860ರಿಂದ ಹಡಗುಗಳಲ್ಲಿ ಕಬ್ಬಿನ ಗದ್ದೆಗೆ ಕೂಲಿಗಳಾಗಿ ಬಂದವರು, ನಾವು ವೀಸಾ ಹಿಡಿದು ಬಂದವರು. ಬಣ್ಣ ಒಂದೇ ಅಂತ ಬಳಗ ಆಗಿಬಿಡುವುದಿಲ್ಲ.

ಇಲ್ಲಿನ ಸಂವಿಧಾನದ ಆರನೇ ವಿಧಿ ಓದಿ. ಅಧಿಕೃತ ಭಾಷೆಗಳಲ್ಲದೆ, ಗೌರವ ಸಿಗಬೇಕಾದ ಜನರ ಭಾಷೆಗಳ ಪಟ್ಟಿಯೊಂದಿದೆ. ಗುಜರಾತಿ, ಹಿಂದಿ, ತಮಿಳು, ಉರ್ದು ಎಲ್ಲ ಇವೆ. ತೆಲುಗೂ ಇದೆ, ಕಾಗುಣಿತ ತಪ್ಪಾಗಿ 'ತೆಲೆಗು' ಅಂತ. ಮಗಳು ಶಾಲೆಯ ಪ್ರಾಜೆಕ್ಟಿಗೆ ಅದನ್ನು ಓದುತ್ತಾ, 'ಅಮ್ಮಾ, ನಮ್ದು ಎಲ್ಲಿ?' ಅಂದಳು. ನಾವು ಬೆರಳೆಣಿಕೆ ಮನೆಗಳು, ಅದೂ ಬಂದು ಹೋಗುವವರು ಅಂತ ವಿವರಿಸಿದೆ. ಅವಳಿಗೆ ಹಿಡಿಸಲಿಲ್ಲ. ನನಗೂ.

ಅವಳ ಕನ್ನಡ ಈಗ ಅಡುಗೆಮನೆಯಷ್ಟು. ಊಟ, ನೀರು, ನಿದ್ದೆ, ಬೈಗುಳ. ಝುಲು ಮಾತ್ರ ಗೆಳತಿಯರಿಂದ ಚೆನ್ನಾಗಿ ಬಂದಿದೆ. ಕಪ್ಪೆಗೆ ಆ ಭಾಷೆಯಲ್ಲೊಂದು ಪದವಿದೆ, ನಾಲಿಗೆಯನ್ನು ಕೆನ್ನೆಯ ಪಕ್ಕದಿಂದ ಸೆಳೆದು ಟಕ್ಕೆನ್ನಿಸಬೇಕು. ನಮ್ಮ ಅಕ್ಷರದಲ್ಲಿ ಬರೆಯಲು ಬರುವುದಿಲ್ಲ. ನನಗೆ ಆರು ವರ್ಷದಿಂದ ಬಂದಿಲ್ಲ. ಒಂದು ಭಾನುವಾರ ಚನ್ನರಾಯಪಟ್ಟಣದ ಅಜ್ಜಿಗೆ ವಿಡಿಯೊ ಕಾಲ್‌ನಲ್ಲಿ ಅದನ್ನು ಹೇಳಿ ತೋರಿಸಿದಳು. ನಮ್ಮತ್ತೆ ಒಂದು ಗಳಿಗೆ ಸುಮ್ಮನಿದ್ದು, ಅದೇ ಸದ್ದನ್ನು ಎರಡು ಸಲ, ಅವಳಿಗಿಂತ ಜೋರಾಗಿ ಮಾಡಿದರು.

'ಅಜ್ಜಿ! ನಿಂಗೆ ಝುಲು ಬರುತ್ತಾ?'

'ಎಂಥ ಜುಲೂನೇ? ಎತ್ತು ಹೊಡಿಯೋದಲ್ವಾ ಇದು' ಅಂದರು ಅತ್ತೆ. 'ಎತ್ತು ಮಾರಿ ಹನ್ನೆರಡು ವರ್ಷ ಆಯ್ತು. ನಾಲಿಗೆಗೆ ಇನ್ನೂ ಬರುತ್ತೆ ನೋಡು.'