ಉಗುಳುವ ಬೋಗುಣಿಗೆ ಮುಚ್ಚಳ

ಕೆಳದವಡೆಯ ಹಲ್ಲು ಕಿತ್ತ ಮೂರನೆಯ ದಿನ ಕೆನ್ನೆ ಹಿಡಿದುಕೊಂಡು, ಕಿವಿಯವರೆಗೂ ಸಿಡಿಯುತ್ತಿದೆ ಎನ್ನುತ್ತಾ ಬರುವ ರೋಗಿಯನ್ನು ನಮ್ಮ ವೃತ್ತಿಯವರಿಗೆ ಪರಿಚಯಿಸಬೇಕಾಗಿಲ್ಲ. ಗುಳಿಯಲ್ಲಿ ಹೆಪ್ಪಿಲ್ಲ, ಬರೀ ಬೂದು ಮೂಳೆ, ಜೊತೆಗೆ ಆ ವಾಸನೆ. ಇದೇ ಡ್ರೈ ಸಾಕೆಟ್, ಹೆಪ್ಪು ನಿಲ್ಲದೆ ಒಣಗಿದ ಗುಳಿ. ಪುಸ್ತಕಗಳು ಸಾಮಾನ್ಯ ಹಲ್ಲುಗಳಿಗೆ ಇದರ ಪ್ರಮಾಣ ನೂರಕ್ಕೆ 1ರಿಂದ 5 ಎನ್ನುತ್ತವೆ. ದಾವಣಗೆರೆಯಲ್ಲಿ ನನ್ನ ಕ್ಲಿನಿಕ್‌ನ ಮೊದಲ ವರ್ಷಗಳಲ್ಲಿ ಬುದ್ಧಿ ಹಲ್ಲು ಬಿಟ್ಟು ಕೆಳಗಿನ ದವಡೆ ಹಲ್ಲುಗಳ ಲೆಕ್ಕ ನೂರಕ್ಕೆ ಎಂಟು-ಹತ್ತರ ಹತ್ತಿರ ಇತ್ತು. ಈಗ ಅದು ಒಂದಕ್ಕಿಂತ ಕೆಳಗಿದೆ. ಊರಿನ ಸಹೋದ್ಯೋಗಿಗಳು ನಂಬುವುದಿಲ್ಲ, ನನ್ನ ಪುಸ್ತಕ ತೆರೆದು ತೋರಿಸಲು ನಾನು ಸಿದ್ಧ.

ಇದಕ್ಕೆ ಕೈಹಾಕಿದ್ದು ದುಡ್ಡಿನ ಸಂಕಟಕ್ಕೆ. ಒಂದು ಹಲ್ಲು ಕಿತ್ತರೆ ಆಗ ಸಿಗುತ್ತಿದ್ದುದು ಮುನ್ನೂರು ರೂಪಾಯಿ. ಗುಳಿ ಒಣಗಿದರೆ ಎರಡು ದಿನಕ್ಕೊಮ್ಮೆ ಸಲೈನಿನಿಂದ ತೊಳೆದು, ಯೂಜಿನಾಲ್ (ಲವಂಗದೆಣ್ಣೆಯ ಸಾರ) ಪಟ್ಟಿ ಬದಲಿಸಬೇಕು, ಅದೂ ಪುಕ್ಕಟೆ. ನಾಲ್ಕು ಬಾರಿ ಕುರ್ಚಿ ಕೊಟ್ಟ ಮೇಲೆ ಆ ಮುನ್ನೂರರಲ್ಲಿ ಉಳಿಯುವುದೇನು? ಮೇಲೆ ‘ಆ ಡಾಕ್ಟರ ಕೈ ಸರಿಯಿಲ್ಲ’ ಎಂಬ ಮಾತು ಚನ್ನಗಿರಿಯವರೆಗೂ ಹೋಗುತ್ತದೆ.

ಮೊದಲು ಎಲ್ಲರಂತೆ ಔಷಧಿಯನ್ನೇ ನಂಬಿದೆ. ಐದು ದಿನ ಆ್ಯಂಟಿಬಯಾಟಿಕ್ ಬರೆದೆ: ಹೊಟ್ಟೆ ಕೆಟ್ಟವರು ಹೆಚ್ಚಿದರು, ಒಣ ಗುಳಿಗಳು ಇದ್ದಷ್ಟೇ ಇದ್ದವು. ಹೆಪ್ಪು ನಿಲ್ಲಲು ನೆರವಾಗುವ ಕೊಲಾಜೆನ್ ತುಂಡು ತುರುಕಿದೆ: ಒಂದೊಂದಕ್ಕೆ ನೂರೈವತ್ತೋ ಇನ್ನೂರೋ, ಫಲ ಅಷ್ಟಕ್ಕಷ್ಟೆ. ಗುಳಿಗೆ ಜೇನು ಹಾಕಿಯೂ ನೋಡಿದೆ. ನೋವು ತಗ್ಗಿತು ಎಂದವರಿದ್ದಾರೆ, ಆದರೆ ಜೊಲ್ಲಿಗೆ ಕರಗಿ ಗಂಟೆಯೊಳಗೆ ಮಾಯವಾಗುವ ವಸ್ತುವಿನಿಂದ ಏನು ಪ್ರಯೋಜನ?

ಉತ್ತರ ಕಣ್ಣೆದುರೇ ಇತ್ತು. ಹಲ್ಲು ಹೊರಬಂದ ಕೂಡಲೇ ರೋಗಿ ಮಾಡುವ ಮೊದಲ ಕೆಲಸ ಪಕ್ಕದ ಬೋಗುಣಿಗೆ ವಾಲಿ ಉಗುಳುವುದು. ಒಂದು ಹನಿ ರಕ್ತ ಬಾಯಿತುಂಬ ಜೊಲ್ಲಿನಲ್ಲಿ ಬೆರೆತು ಕೆಂಪಾಗಿ ಕಾಣುತ್ತದೆ. ಹೆದರಿ ಮತ್ತೆ ಕ್ಯಾಕರಿಸುತ್ತಾನೆ. ಪ್ರತಿ ಸಲವೂ ಬಾಯಿಯೊಳಗಿನ ಎಳೆತಕ್ಕೆ ಆಗಷ್ಟೇ ಕೂಡುತ್ತಿರುವ ಹೆಪ್ಪು ಅಲುಗುತ್ತದೆ. ‘ಉಗುಳಬೇಡಿ’ ಎಂದು ಹೇಳುತ್ತಾ ಉಗುಳುವ ಪಾತ್ರೆಯನ್ನು ಮೊಣಕೈ ಬಳಿಯೇ ಇಟ್ಟಿದ್ದೆವು! ಚೌಕಿಪೇಟೆಯಲ್ಲಿ ನೂರು ರೂಪಾಯಿಯೊಳಗೆ ಒಂದು ಪ್ಲಾಸ್ಟಿಕ್ ಮುಚ್ಚಳ ತಂದು, ಅಂಚು ಕತ್ತರಿಸಿ ಬೋಗುಣಿಗೆ ಕೂರಿಸಿದೆ. ಹಲ್ಲು ಕೀಳುವ ಮುನ್ನ ಕ್ರಿಮಿ ಕೊಲ್ಲುವ ಕ್ಲೋರ್‌ಹೆಕ್ಸಿಡಿನ್‌ನಲ್ಲಿ ಬಾಯಿ ಮುಕ್ಕಳಿಸಲು ಮಾತ್ರ ಅದು ತೆರೆದಿರುತ್ತದೆ. ಆಮೇಲೆ ಏನಿದ್ದರೂ ಸಕ್ಷನ್, ಜೊಲ್ಲು ಹೀರುವ ಕೊಳವೆ. ಒಂದು ಟಿಪ್‌ಗೆ ಎರಡು-ಮೂರು ರೂಪಾಯಿ.

ಗೆಳೆಯರು ನಕ್ಕರು. ರೋಗಿಗಳು ಓಡಿಹೋಗುತ್ತಾರೆ ಎಂದರು. ಮೊದಲ ವಾರ ಒಬ್ಬ ಅಜ್ಜಿ ಮುಚ್ಚಳದ ಮೇಲೆಯೇ ಉಗುಳಿ, “ಇದೇನಪ್ಪಾ, ನೀರು ಬಂದ್ ಆಗಿದೆಯೇ?” ಎಂದು ಕೇಳಿದ್ದು ನಿಜ. ಓಡಿಹೋದವರು ಯಾರೂ ಇಲ್ಲ.

ಇನ್ನೊಂದು ಬದಲಾವಣೆ ಬೆಂಚಿನದು. ಗಾಜ್ ಬಟ್ಟೆ ಕಚ್ಚಿಸಿ ‘ಅರ್ಧ ಗಂಟೆ ಬಿಟ್ಟು ತೆಗೆಯಿರಿ’ ಎಂದು ಕಳುಹಿಸಿದರೆ ಬಸ್ ನಿಲ್ದಾಣ ತಲುಪುವಷ್ಟರಲ್ಲಿ ಗಾಜ್ ಚರಂಡಿಯಲ್ಲಿರುತ್ತದೆ. ಈಗ ಮುಕ್ಕಾಲು ಗಂಟೆ ನನ್ನ ಕಣ್ಣೆದುರೇ ಕೂರಿಸುತ್ತೇನೆ, ಜೊಲ್ಲು ನುಂಗಿಸುತ್ತೇನೆ, ನಾನೇ ಗಾಜ್ ತೆಗೆದು ಗುಳಿ ನೋಡುತ್ತೇನೆ. ಹೆಪ್ಪು ಚೆನ್ನಾಗಿ ಕೂಡಿದ್ದರೆ ಕಡುಗೆಂಪಾಗಿ, ಗುಳಿಯ ಅಂಚಿನ ಮಟ್ಟಕ್ಕೆ, ಕುಲ್ಫಿಯಂತೆ ಗಟ್ಟಿಯಾಗಿ ನಿಂತಿರುತ್ತದೆ. ಹೊಳೆದು ಅಲುಗಿದರೆ ಮತ್ತೆ ಗಾಜ್. ಕೆಳದವಡೆಗೆ ಎಂಟರ ಆಕಾರದ ಹೊಲಿಗೆ ತಪ್ಪಿಸುವುದಿಲ್ಲ. ಅದಕ್ಕೆ ಐವತ್ತು ರೂಪಾಯಿ ಹೆಚ್ಚು ಹಾಕಿದೆ, ಯಾರೂ ತಕರಾರು ಮಾಡಲಿಲ್ಲ. ದಾರವನ್ನು ಎಷ್ಟು ಬಿಗಿ ಎಳೆಯಬೇಕು ಎಂಬುದನ್ನು ಬರೆದು ಹೇಳಲಾಗದು, ಬಂದು ನೋಡಿದರೆ ತೋರಿಸುತ್ತೇನೆ.

ಎಲೆ ಅಡಿಕೆ, ಗುಟ್ಕಾದವರದೇ ದೊಡ್ಡ ತಲೆನೋವು. 2013ರಲ್ಲಿ ರಾಜ್ಯದಲ್ಲಿ ಗುಟ್ಕಾ ನಿಷೇಧವಾದ ಮೇಲೆ ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿಯಾಗಿ ಬಾಯಿಯಲ್ಲಿ ಒಂದಾಗುತ್ತಿವೆ. ಬಿಡಿ ಎಂದರೆ ಬಿಡುವವರಲ್ಲ. ನಾನು ಜೀವನಪೂರ್ತಿ ಬಿಡಿ ಎನ್ನುವುದಿಲ್ಲ, ಮೂರು ದಿನ ಮಾತ್ರ ಕೇಳುತ್ತೇನೆ. ಹತ್ತರಲ್ಲಿ ಏಳೆಂಟು ಜನ ಮಾತು ಉಳಿಸಿಕೊಳ್ಳುತ್ತಾರೆ. ಹೇಗೆ ಒಪ್ಪಿಸುತ್ತೇನೆ ಎಂಬುದು ನನ್ನಲ್ಲೇ ಇರಲಿ, ಅದರಿಂದಲೇ ಪಕ್ಕದ ಬೀದಿಗಿಂತ ನನ್ನ ಲೆಕ್ಕ ಚೆನ್ನಾಗಿದೆ.

ಊಟದ ವಿಷಯದಲ್ಲಿ ಈ ಊರಿನ ಶತ್ರು ಮಂಡಕ್ಕಿ. ಮಂಡಕ್ಕಿ ಮಿರ್ಚಿ ತಿಂದವನ ಗುಳಿ ತೊಳೆದರೆ ಉಬ್ಬಿದ ಕಾಳು ಇಡಿಯಾಗಿ ಹೊರಬರುತ್ತದೆ, ಅದರ ಹಿಂದೆ ಒಂದು ಮೆಣಸಿನ ಬೀಜ. ವಾರದ ಮಟ್ಟಿಗೆ ನಿಷೇಧ. ಮೊದಲ ದಿನ ತಣ್ಣನೆಯ ಮೊಸರನ್ನ, ಸ್ಟ್ರಾ ಇಲ್ಲದೆ ಮಜ್ಜಿಗೆ. ಮರುದಿನ ಬೆಣ್ಣೆ ದೋಸೆ ಕೇಳುವವರಿಗೆ ತಣ್ಣಗಾಗಿಸಿಕೊಂಡು ನಡುವಿನ ಮೆತ್ತನೆಯ ಭಾಗ ತಿನ್ನಿ, ಗರಿಗರಿ ಅಂಚನ್ನು ಹೆಂಡತಿಗೆ ಕೊಡಿ ಎನ್ನುತ್ತೇನೆ. ಇಪ್ಪತ್ತನಾಲ್ಕು ಗಂಟೆ ಕಳೆದ ಮೇಲೆ ಉಗುರುಬೆಚ್ಚಗಿನ ಉಪ್ಪುನೀರು: ಮುಕ್ಕಳಿಸುವುದಲ್ಲ, ಬಾಯಲ್ಲಿ ಹಿಡಿದು, ತಲೆ ಓರೆ ಮಾಡಿ, ತಾನಾಗಿ ಸುರಿಯಲು ಬಿಡುವುದು.

ರಕ್ತ ಹೆಪ್ಪುಗಟ್ಟದಿರಲೆಂದು ಆಸ್ಪಿರಿನ್ ತೆಗೆದುಕೊಳ್ಳುವವರನ್ನು ಮಾತ್ರೆ ನಿಲ್ಲಿಸಿ ಬನ್ನಿ ಎಂದು ಕಳುಹಿಸುವ ಹಳೆಯ ಪದ್ಧತಿ ಈಗಲೂ ಕೆಲವರಲ್ಲಿದೆ. ಒಂದೆರಡು ಹಲ್ಲಿಗೆ ಅದು ಬೇಕಿಲ್ಲ, ನಿಲ್ಲಿಸಿದರೆ ಹೃದಯಕ್ಕೆ ಅಪಾಯ. ಹೆಪ್ಪು ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್‌ನಲ್ಲಿ ನೆನೆಸಿದ ಗಾಜ್ ಮತ್ತು ಆ ಹೊಲಿಗೆ ಸಾಕು. ಇನ್ನೊಂದು ಹೆಪ್ಪುರೋಧಕವಾದ ವಾರ್ಫರಿನ್ ಇದ್ದರೆ ಮಾತ್ರ, ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತದೆ ಎಂದು ತೋರಿಸುವ ಐಎನ್‌ಆರ್ ನೋಡದೆ ಫೋರ್ಸೆಪ್ಸ್ ಮುಟ್ಟುವುದಿಲ್ಲ.

ಕೆಳಗಿನ ಬುದ್ಧಿ ಹಲ್ಲಿಗೆ, ಅದರಲ್ಲೂ ಮೂಳೆ ಕೊರೆದು ತೆಗೆದದ್ದಕ್ಕೆ, ಇಷ್ಟೆಲ್ಲ ಮಾಡಿದರೂ ನೂರಕ್ಕೆ ನಾಲ್ಕೈದು ಒಣಗುತ್ತವೆ. ಅವಕ್ಕಾಗಿ ಲ್ಯಾಬೊಂದರಿಂದ ಹಳೆಯ ಸೆಂಟ್ರಿಫ್ಯೂಜ್ ಕೊಂಡು, ರೋಗಿಯದೇ ರಕ್ತ ತಿರುಗಿಸಿ, ಅದರಿಂದ ಸಿಗುವ ಹೆಪ್ಪಿನಂಥ ಪದರವಾದ ಪಿಆರ್‌ಎಫ್ ತುಂಬಲು ಶುರುಮಾಡಿದ್ದೇನೆ. ಕರೆಂಟು ಹೋದರೆ ಕೊಳವೆಯಲ್ಲಿದ್ದ ರಕ್ತ ವ್ಯರ್ಥ, ಹಾಗಾಗಿ ಇನ್ವರ್ಟರ್‌ಗೆ ಇನ್ನೊಂದು ಬ್ಯಾಟರಿ ಸೇರಿಸಬೇಕಾಯಿತು. ಖರ್ಚು ಇನ್ನೂ ಹುಟ್ಟಿಲ್ಲ.