ಶಿರಸಿ, ಕಾರವಾರದವರಿಗೆ ಕುದುರೆಮುಖ ಚಾರಣ

ಶಿಖರದ ಎತ್ತರ 1,894 ಮೀಟರ್. ಅರಣ್ಯ ಇಲಾಖೆಯ ಅನುಮತಿಯನ್ನು ಆನ್‌ಲೈನ್‌ನಲ್ಲಿ ಮೊದಲೇ ಪಡೆದು, ಹಿಂದಿನ ರಾತ್ರಿಯೇ ಕಳಸದ ಬಳಿಯ ಸಂಸೆ ಕಡೆ ತಲುಪಿ ಉಳಿಯಿರಿ. ಚಾರಣ ಶುರುವಾಗುವ ಮುಳ್ಳೋಡಿಯಿಂದ ಹೋಗಿಬರಲು ಸುಮಾರು 20 ಕಿ.ಮೀ. ಹಾದಿ ಬಹುಪಾಲು ಕಡಿದಲ್ಲ, ಉದ್ದ. ಹಾಗಾಗಿ ಬೆಳಿಗ್ಗೆ ಬೇಗ ಹೊರಡಿ. ಮಧ್ಯಾಹ್ನ ಒಂದು ಗಂಟೆಯೊಳಗೆ ತುದಿ ಸಿಗದಿದ್ದರೆ ಹಿಂತಿರುಗಿ.

ಉಂಬಳದ (ಜಿಗಣೆ) ಬಗ್ಗೆ ಶಿರಸಿಯವರಿಗೆ ಹೇಳಬೇಕಿಲ್ಲ. ಕರಾವಳಿಯವರು ಮಾತ್ರ ಉದ್ದ ಕಾಲುಚೀಲಕ್ಕೆ ಹೊಗೆಸೊಪ್ಪಿನ ನೀರು ಸವರಿಕೊಳ್ಳಿ; ಹಳ್ಳ ದಾಟಿದಾಗ ಅದು ತೊಳೆದುಹೋಗುತ್ತದೆ, ಮತ್ತೆ ಸವರಿ. ಎರಡು ಲೀಟರ್ ನೀರು, ಅವಲಕ್ಕಿ, ಬಾಳೆಹಣ್ಣು, ಚಿಟಿಕೆ ಉಪ್ಪು ಸಾಕು.

ಹುಲ್ಲುಗಾವಲಿನಲ್ಲಿ ಮಂಜು ಕವಿದರೆ ದಾರಿ ಬಿಟ್ಟು ನಡೆಯಬೇಡಿ. ಮಂಡಿ ನೋಯುವುದು ಹತ್ತುವಾಗಲ್ಲ, ಇಳಿಯುವಾಗ: ಕೋಲು ಹಿಡಿದು ಸಣ್ಣ ಹೆಜ್ಜೆ ಇಡಿ.